ವಿಲ್ಮೋರ್ ಗಾಡಿಯ ಮಧ್ಯಾಹ್ನದ ಐಬು

ತಿಕೋಟಾದ ಶಿವಯೋಗೆಪ್ಪ ಎತ್ತಿನ ದಲಾಲಿ. ಎತ್ತು ಬಾಯಿ ತೆರೆಯುವ ಮೊದಲೇ ಅದರ ಹಲ್ಲೆಷ್ಟೆಂದು ಹೇಳಿಬಿಡುತ್ತಾನೆ ಎಂದು ಅವನ ಕಡೆಯವರು ಹೊಗಳುತ್ತಿದ್ದರು. ಅದು ಸುಳ್ಳು. ಬಾಯಿ ತೆರೆದ ಮೇಲೆಯೇ ಹೇಳುತ್ತಿದ್ದ, ಆದರೆ ಹೇಳಿದ್ದು ತಪ್ಪುತ್ತಿರಲಿಲ್ಲ. ಕನಮಡಿಯಿಂದ ಬಬಲೇಶ್ವರದವರೆಗಿನ ರೈತರು ಎತ್ತು ಕೊಳ್ಳುವ ಮುಂಚೆ ಅವನ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಅವನು ನಡಿಗೆ ನೋಡಿ, ಮೈಮೇಲಿನ ಸುಳಿ ನೋಡಿ, ಗೊರಸು ಎತ್ತಿ ನೋಡಿ, ಒಂದು ಸಲ ನೇಗಿಲಿಗೆ ಹೂಡಿಸಿ, ಕಡೆಗೆ "ಹೂಂ" ಎಂದರೆ ವ್ಯಾಪಾರ ಮುಗಿದಂತೆ. "ಊಹೂಂ" ಎಂದರೆ ಮಾರುವವನು ಎತ್ತು ಹೊಡೆದುಕೊಂಡು ಮುಂದಿನ ಸಂತೆಯ ದಾರಿ ಹಿಡಿಯಬೇಕು.

ಎತ್ತಿನ ವ್ಯವಹಾರಕ್ಕೆ ಆ ಸೀಮೆಯಲ್ಲಿ ಎರಡು ಕಟ್ಟಳೆಗಳಿದ್ದವು. ತನ್ನ ಅಂಗಳದಲ್ಲಿ ಕಟ್ಟಿದ ಎತ್ತಿನ ಐಬನ್ನು ಯಜಮಾನ ಹೊರಗಿನವರ ಮುಂದೆ ಆಡಬಾರದು. ಮನೆಯ ಜೋಳದ ಕಣಿಕೆ ತಿಂದ ಜೀವದ ಮರ್ಯಾದೆ ತೆಗೆದರೆ ಆ ಮನೆಗೆ ಒಳ್ಳೆಯದಾಗುವುದಿಲ್ಲ. ಆದರೆ ದಲಾಲಿಯನ್ನು ಕೇಳಿದಾಗ ಅವನು ಕಂಡದ್ದನ್ನು ಕಂಡಂತೆ ಹೇಳಲೇಬೇಕು. ಒಡೆಯ ಮುಚ್ಚುತ್ತಾನೆ, ದಲಾಲಿ ತೆರೆಯುತ್ತಾನೆ. ಇದು ಎಲ್ಲರಿಗೂ ಗೊತ್ತಿದ್ದದ್ದರಿಂದ ಒಡೆಯ ತನ್ನ ಎತ್ತನ್ನು ಎಷ್ಟು ಹೊಗಳಿದರೂ ಯಾರೂ ಮೋಸ ಹೋಗುತ್ತಿರಲಿಲ್ಲ. ಮೋಟಾರು ಬಂತು ನೋಡಿ, ಅಲ್ಲಿ ಲೆಕ್ಕ ತಪ್ಪಿತು. ಮೋಟಾರಿಗೆ ಒಡೆಯರಿದ್ದರು, ದಲಾಲಿ ಇರಲಿಲ್ಲ.

ಇಂದು ವಿಜಯಪುರ ಎನ್ನುವ ಊರು ಆಗ ಬಿಜಾಪುರ. ಆ ಬಿಜಾಪುರದ ಸುತ್ತ ಮೋಟಾರೆಂದರೆ ವಿಲ್ಮೋರ್. ಸಮುದ್ರದಾಚೆಯಿಂದ ಬಂದದ್ದು. ಸ್ವಾತಂತ್ರ್ಯಕ್ಕೆ ಮೊದಲು ಯಾರೋ ಬಿಳಿ ಸಾಹೇಬ ಅದರಲ್ಲಿ ಸೋಲಾಪುರದಿಂದ ಬಂದು, ಚಹಾ ಕುಡಿದು, ಎಂಜಿನ್ ಆರಿಸದೆಯೇ ಹೊರಳಿ ಹೋಗಿದ್ದನಂತೆ. ಸಾಹೇಬನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಚಹಾ ಕುಡಿದದ್ದು ಮಾತ್ರ ಎಲ್ಲರಿಗೂ ಗೊತ್ತಿತ್ತು. "ವಿಲ್ಮೋರ್ ಹೊಂಟ್ರ ಹೊಂಟಿತು, ನಿಲ್ಲೂದು ಮನೀ ಮುಂದನ" ಎಂಬ ಮಾತು ಕಿರಾಣಿ ಅಂಗಡಿಯಿಂದ ಕ್ಷೌರದ ಅಂಗಡಿಯವರೆಗೆ ಓಡಾಡಿಕೊಂಡಿತ್ತು. ಆ ಗಾಡಿಗಳಿದ್ದದ್ದು ಎರಡೇ. ಒಂದು ಬಿಜಾಪುರದ ಅರಳೆ ವ್ಯಾಪಾರಿ ಬಸಗೊಂಡಪ್ಪನದು, ಇನ್ನೊಂದು ಬಬಲೇಶ್ವರದ ಶಂಕರೆಪ್ಪಗೌಡರದು.

ಐವತ್ತೊಂಬತ್ತರ ದಸರೆಯ ಹೊತ್ತಿಗೆ ಬಸಗೊಂಡಪ್ಪ ತನ್ನ ವಿಲ್ಮೋರ್ ಮಾರುತ್ತಾನೆಂಬ ಸುದ್ದಿ ಬಂತು. ಇಪ್ಪತ್ತು ವರ್ಷ ಸಂತೆಯಿಂದ ಸಂತೆಗೆ ನಡೆದು ಶಿವಯೋಗೆಪ್ಪನ ಮಂಡಿ ಸವೆದಿದ್ದವು. ಗಾಡಿ ಕೊಂಡು ತಿಕೋಟಾದಿಂದ ಬಿಜಾಪುರಕ್ಕೆ ಮಂದಿಯನ್ನು ಒಯ್ದು ತಂದರೆ ಕೂತಲ್ಲೇ ಹೊಟ್ಟೆ ನಡೆಯುತ್ತದೆ ಎನ್ನುವ ಆಸೆ ಹುಟ್ಟಿತು. ಮೊದಲು ಬಬಲೇಶ್ವರಕ್ಕೆ ಹೋಗಿ ಗೌಡರನ್ನು ವಿಚಾರಿಸಿದ.

"ಗಾಡಿ ಹೆಂಗೈತ್ರಿ ಗೌಡ್ರ?"

"ಬಂಗಾರ ಐತಿ. ಒಂದ ದಿನ ದಾರ್ಯಾಗ ನಿಂತಿಲ್ಲ ನೋಡಪಾ."

ಗೌಡರ ವಿಲ್ಮೋರ್ ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಅದರ ತಲೆಯ ಮೇಲೆ ನಾಲ್ಕು ಕೋಳಿ ಕೂತಿದ್ದವು, ಒಂದು ಕಾವಿಗೇ ಕೂತಂತಿತ್ತು. ಎತ್ತಾಗಿದ್ದರೆ ಶಿವಯೋಗೆಪ್ಪ ಅಷ್ಟರಿಂದಲೇ ಎಲ್ಲ ತಿಳಿದುಕೊಳ್ಳುತ್ತಿದ್ದ. ಮೋಟಾರಿನ ಮುಂದೆ ಅವನ ಕಣ್ಣು ಮಂಕಾಯಿತು. ಉಳ್ಳವರು, ಓಡಿಸಿದರೆ ಓಡಿಸಿದರು, ಇಲ್ಲದಿದ್ದರೆ ಇಲ್ಲ ಎಂದುಕೊಂಡ. ಬಸಗೊಂಡಪ್ಪನೂ ಅದೇ ಹಾಡು ಹಾಡಿದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಚೌಕಾಸಿ ನಡೆಯಿತು. ಶಿವಯೋಗೆಪ್ಪನ ಖಿಲಾರಿ ತಳಿಯ ಎತ್ತಿನ ಜೋಡಿಯೂ ಕೂಡಿಟ್ಟ ಗಂಟೂ ಆ ಕಡೆ ಹೋದವು, ವಿಲ್ಮೋರ್ ಈ ಕಡೆ ಬಂತು.

"ಹಲ್ಲಿಲ್ಲ, ಗೊರಸಿಲ್ಲ. ಏನ ನೋಡಿ ತಂದ್ರಿ ಇದನ್ನ?" ಎಂದಳು ಅವನ ಹೆಂಡತಿ ಲಕ್ಕವ್ವ.

"ಹೆಸರ ನೋಡಿ ತಂದೀನಿ," ಎಂದ ಶಿವಯೋಗೆಪ್ಪ.

ಬಸಗೊಂಡಪ್ಪನ ಡ್ರೈವರನ ಹತ್ತಿರ ಒಂದು ತಿಂಗಳು ಕಲಿತು ಗಾಡಿ ಹೊಡೆಯತೊಡಗಿದ. ಆ ಚಳಿಗಾಲ ಅವನ ಬಾಳಿನಲ್ಲೇ ಸೊಗಸಾದದ್ದು. ಕಾರ್ತೀಕದಿಂದ ಮಾಘದವರೆಗೆ ವಿಲ್ಮೋರ್ ಹೂವೆತ್ತಿದಂತೆ ಓಡಿತು. ಮಂದಿ ಇಬ್ಬರು ಕೂಡುವಲ್ಲಿ ನಾಲ್ವರು ಕೂತರು, ಮುಂದಿನ ಸೀಟಿಗಾಗಿ ಜಗಳಾಡಿದರು. ಶಿವಯೋಗೆಪ್ಪನ ಮಂಡಿ ನೋವು ಅರ್ಧ ಇಳಿಯಿತು, ಉಳಿದರ್ಧ ಮರೆತುಹೋಯಿತು.

ಚೈತ್ರ ಬಂತು. ಒಂದು ದಿನ ನಡುಮಧ್ಯಾಹ್ನ, ಊರಿನಿಂದ ಎರಡು ಹರದಾರಿ ದೂರದಲ್ಲಿ, ಏಳು ಮಂದಿಯನ್ನು ಹೊತ್ತ ವಿಲ್ಮೋರ್ ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಹ್ಯಾಂಡಲ್ ತಿರುವಿದ್ದಕ್ಕೆ ಲೆಕ್ಕವಿಲ್ಲ. ಗಿಡವಿಲ್ಲ, ನೆರಳಿಲ್ಲ, ಎರೆಯ ಬಯಲು ಬೆಂಕಿ ಉಗುಳುತ್ತಿತ್ತು. ಕಡೆಗೆ ಹೊಲದವನೊಬ್ಬ ಎತ್ತು ತಂದು ಕಟ್ಟಿ ಗಾಡಿಯನ್ನು ಬಿಜಾಪುರದವರೆಗೆ ಎಳೆದ. ಆ ಎತ್ತುಗಳನ್ನು ಎರಡು ವರ್ಷದ ಹಿಂದೆ ಕೊಡಿಸಿದವನು ಶಿವಯೋಗೆಪ್ಪನೇ. "ಚಲೋ ಎತ್ತ ಕೊಡ್ಸಿದಿ ಯಪ್ಪಾ, ಇವತ್ತ ನಿನಗ ಉಪಯೋಗ ಬಿದ್ವು" ಎಂದು ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಶಿವಯೋಗೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ರೈಲು ಹಳಿಯ ಹತ್ತಿರ, ಇಬ್ರಾಹಿಂಪುರದಲ್ಲಿ, ಹುಸೇನಸಾಬನೆಂಬ ಮಿಸ್ತ್ರಿ ಇದ್ದ. ಗಾಡಿ ಅವನ ಬಾಗಿಲಿಗೆ ಮುಟ್ಟುವಾಗ ಹೊತ್ತು ಇಳಿದಿತ್ತು. ಅವನು ಬಾನೆಟ್ ಎತ್ತಿ ನೋಡಿ, ಒಂದೇ ಒಂದು ಹ್ಯಾಂಡಲ್ ಹೊಡೆದ. ಗಾಡಿ ಗುರ್ ಎಂದಿತು.

"ಏನೂ ಆಗಿಲ್ಲಲ್ಲೋ ಶಿವಯೋಗೆಪ್ಪಣ್ಣ. ಎತ್ತಿನ ನೆನಪ ಬಂದು ಕಟ್ಟಿಕೊಂಡು ಬಂದೇನು?"

ಹೀಗೆ ಒಂದಲ್ಲ, ಐದಾರು ಸಲ ಆಯಿತು. ಮಧ್ಯಾಹ್ನ ನಿಲ್ಲುವುದು, ಎತ್ತು ಎಳೆಯುವುದು, ಸಂಜೆ ಮಿಸ್ತ್ರಿಯ ಮುಂದೆ ಏನೂ ಆಗದಂತೆ ಓಡುವುದು. "ಒಂಚೂರು ಕೆಮ್ಮತೈತಿ ನೋಡು" ಎಂದಷ್ಟೇ ಹೇಳುತ್ತಿದ್ದ ಶಿವಯೋಗೆಪ್ಪ. ಪ್ರತಿ ಸಲವೂ ನಡುಮಧ್ಯಾಹ್ನಕ್ಕೇ ನಿಲ್ಲುತ್ತದೆಂದು ಬಾಯಿ ಬಿಡಲಿಲ್ಲ. ಅಂಗಳದ ಎತ್ತಿನ ಐಬನ್ನು ಆಡುವುದು ಹೇಗೆ? ವೈದ್ಯನ ಮುಂದೆ ನೋವು ಮುಚ್ಚಿಟ್ಟವನಿಗೆ ಔಷಧ ಎಲ್ಲಿಂದ ಸಿಗಬೇಕು! ಊರಿನ ಕಿಡಿಗೇಡಿಗಳು ಮಾತ್ರ, "ಶಿವಯೋಗೆಪ್ಪನ ಗಾಡಿಗೆ ಎರಡು ಎಂಜಿನ್ನು, ಒಂದು ಪೆಟ್ರೋಲ್ ಕುಡೀತೈತಿ, ಒಂದು ಕಣಿಕಿ ತಿಂತೈತಿ" ಎಂದು ನಗೆಯಾಡಿದರು.

ಅವನನ್ನು ಹೆಚ್ಚು ಸುಟ್ಟದ್ದು ನಗೆಯಲ್ಲ. ಲೋಕದ ವಿಲ್ಮೋರುಗಳೆಲ್ಲ ಓಡುತ್ತವೆ, ತನ್ನದೊಂದೇ ನಿಲ್ಲುತ್ತದೆ, ಆದ್ದರಿಂದ ಐಬು ತನ್ನ ಹಣೆಯಲ್ಲೇ ಇದೆ ಎಂದು ಅವನು ನಂಬಿಬಿಟ್ಟ. ಒಂದು ಬೆಳಗ್ಗೆ ಗಾಡಿಯ ಸುತ್ತ ಮೂರು ಸುತ್ತು ಬಂದು ಅದರ ಮೈಮೇಲೆ ಕೆಟ್ಟ ಸುಳಿ ಎಲ್ಲಿದೆಯೆಂದು ಹುಡುಕಿದ್ದೂ ಉಂಟು. ಕಡೆಗೆ ಒಂದು ಉಪಾಯ ಕಂಡುಕೊಂಡ. ಬೇಸಿಗೆಯಲ್ಲಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. "ನಡು ಹೊತ್ತಿನ್ಯಾಗ ಯಾಕ ಬಿಡೂದಿಲ್ಲ?" ಎಂದವರಿಗೆ, "ಒಳ್ಳೆ ತಳಿದೈತಿ, ಅದಕ್ಕ ವಿಶ್ರಾಂತಿ ಬೇಕು" ಎಂದು ಹೇಳಿ, ಆ ಬಿಳಿ ಸಾಹೇಬನ ಚಹಾದ ಕಥೆಯನ್ನು ತಾನೂ ಹೇಳುತ್ತಿದ್ದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನು ಇನ್ನೇನು ಮಾಡಿಯಾನು?

ಅರವತ್ತೊಂದರ ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಬಬಲೇಶ್ವರದ ಗುರುಪಾದಯ್ಯನವರು ಅವನ ಮನೆಗೆ ಬಂದರು. ಜಂಗಮರು, ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಶಿವಯೋಗೆಪ್ಪ, ಲಕ್ಕವ್ವ ಇಬ್ಬರೂ ಅವರ ಕಾಲಿಗೆರಗಿ ಕಂಬಳಿ ಹಾಸಿ ಕೂಡಿಸಿದರು.

"ಶಿವಯೋಗೆಪ್ಪಾ, ಗೌಡ್ರು ತಮ್ಮ ವಿಲ್ಮೋರ್ ಕೊಡ್ತಾರಂತ," ಎಂದರು ಅಯ್ಯನವರು. "ನನ್ನ ಮಗಳು ಕಾಶಿಬಾಯಿ ಗಂಡನ್ನ ಕಳಕೊಂಡು ಎರಡು ಕೂಸು ಕರಕೊಂಡು ಮನಿಗೆ ಬಂದಾಳ. ತಮ್ಮನ ಮಗ ಮಿಲ್ಟ್ರಿಯೊಳಗ ಗಾಡಿ ಹೊಡದು ಬಂದಾನ. ಬಬಲೇಶ್ವರದಿಂದ ಬಿಜಾಪುರಕ್ಕ ಗಾಡಿ ಬಿಟ್ರ ಎಲ್ಲಾರದೂ ನಡೀತೈತಿ. ಇದ್ದದ್ದು ಒಂದ ಹೊಲ, ಅದನ್ನ ಕೊಟ್ಟು ತಗೋಬೇಕು. ಹೋದ ಹೊಲ ತಿರುಗಿ ಬರೂದಿಲ್ಲ. ಅದಕ್ಕ ನಿನ್ನ ಬಾಯಿಂದ ಒಂದ ಮಾತ ಕೇಳಾಕ ಬಂದೀನಿ. ನೀ ಈ ಗಾಡಿ ಹೊಗಳೂದನ್ನ ನಾನ ಕಿವಿಲೇ ಕೇಳೇನಿ. ಹೂಂ ಅಂದ್ಯಂದ್ರ ನಾಳೆ ಕಾಗದ ಮಾಡಸ್ತೀನಿ."

ಶಿವಯೋಗೆಪ್ಪ ತಲೆ ತಗ್ಗಿಸಿದ. ಅಂಗಳದಲ್ಲಿ ವಿಲ್ಮೋರ್ ಚಳಿಗಾಲದ ಬಿಸಿಲಿಗೆ ಮಿಂಚುತ್ತ ನಿಂತಿತ್ತು. ಆ ಬೆಳಗ್ಗೆ ಕೂಡ ಒಂದು ಸಲವೂ ಕೆಮ್ಮದೆ ಓಡಿ ಬಂದಿತ್ತು. ಹೂಂ ಎಂದರೆ ಯಾರೂ ಅವನನ್ನು ತಪ್ಪು ಎನ್ನುವಂತಿರಲಿಲ್ಲ. ಊರೆಲ್ಲ ಅನ್ನುವುದನ್ನೇ ಅವನೂ ಅಂದಂತಾಗುತ್ತಿತ್ತು. ಗೌಡರ ಗಾಡಿ ಚೆನ್ನಾಗಿಯೇ ಇರಬಹುದು, ಹಣೆಬರಹ ಕೆಟ್ಟದ್ದು ತನ್ನೊಬ್ಬನದಿರಬಹುದು. ಇದ್ದದ್ದು ಹೇಳಿದರೆ ನಾಳೆ ಅವನ ಗಾಡಿಗೆ ಯಾರು ಹತ್ತುತ್ತಾರೆ? ಗೌಡರು ಹಗೆಯಾಗುತ್ತಾರೆ. ಖಿಲಾರಿ ಜೋಡಿ ಕೊಟ್ಟು ತಂದ ಹೊಟ್ಟೆಪಾಡು ಅದೊಂದೇ. ಆದರೆ ಇಪ್ಪತ್ತು ವರ್ಷದಲ್ಲಿ ಅವನ ಮಾತು ನಂಬಿ ಒಬ್ಬ ರೈತನೂ ಕೆಟ್ಟಿರಲಿಲ್ಲ. ಈಗ ಕೆಡುವುದಾದರೆ ಈ ಅಯ್ಯನವರು ಮೊದಲನೆಯವರು, ಅವರ ಹಿಂದೆ ತಂದೆಯಿಲ್ಲದ ಎರಡು ಮಕ್ಕಳು.

"ಅಯ್ಯಾರ," ಎಂದ ಮೆಲ್ಲಗೆ, "ನಾ ಯಜಮಾನ ಆಗಿ ಹೇಳ್ಲ್ಯೋ, ದಲಾಲಿ ಆಗಿ ಹೇಳ್ಲ್ಯೋ?"

"ನಾ ದಲಾಲಿನ್ನ ಕೇಳಾಕ ಬಂದೀನಿ."

"ಹಂಗಾದ್ರ ಊಹೂಂ."

ಒಮ್ಮೆ ಬಾಯಿ ಬಿಟ್ಟವನು ಮತ್ತೆ ಮುಚ್ಚಲಿಲ್ಲ. ಚೈತ್ರದಲ್ಲಿ ನಿಂತದ್ದು, ಎತ್ತು ಎಳೆದದ್ದು, ವಿಶ್ರಾಂತಿಯ ಸುಳ್ಳು, ಸಾಹೇಬನ ಚಹಾ, ಎಲ್ಲವನ್ನೂ ಹೇಳಿದ. "ಗೌಡ್ರ ಗಾಡಿ ನನಗ ಗೊತ್ತಿಲ್ರಿ. ನಂದು ಮಾತ್ರ ಹಿಂಗೈತಿ. ನಾ ಹೊಗಳಿದ್ದು ನಾಚಿಕಿಗೆ ಹೊಗಳಿದ್ದು" ಎಂದ. ಲಕ್ಕವ್ವ ಕೊಟ್ಟ ಹಾಲು ಕುಡಿದು, ಅಯ್ಯನವರು ಕೋಲು ಊರಿಕೊಂಡು ಹೊರಟುಹೋದರು.

"ಮಾಡಬಾರದ್ದು ಮಾಡಿದ್ನೇನ?" ಎಂದ ಶಿವಯೋಗೆಪ್ಪ ಹೆಂಡತಿಗೆ.

ಲಕ್ಕವ್ವ ಲೋಟ ಎತ್ತಿಕೊಳ್ಳುತ್ತ, "ವರ್ಷದ ಮ್ಯಾಲ ಇವತ್ತ ನೀವು ನೀವಿದ್ದಂಗ ಮಾತಾಡಿದ್ರಿ" ಎಂದಳು.

ನಾಲ್ಕನೆಯ ದಿನ ಶಂಕರೆಪ್ಪಗೌಡರು ಬಂದರು. ಮನೆಯಲ್ಲಿ ವಿಲ್ಮೋರ್ ಇಟ್ಟುಕೊಂಡ ಗೌಡರು ಚಕ್ಕಡಿ ಹೂಡಿಕೊಂಡು ಬಂದಿದ್ದರು. ಕಟ್ಟೆಯ ಮೇಲೆ ಕೂಡಲೂ ಇಲ್ಲ.

"ಅಯ್ಯಾರು ವ್ಯಾಪಾರ ಬ್ಯಾಡಂದ್ರು. ನಮ್ಮ ಅಂಗಳದ ಗಾಡಿ ಐಬು ನೀ ಯಾವ ಅಧಿಕಾರದಾಗ ಹೇಳಿದಿ?"

"ನಿಮ್ಮ ಗಾಡೀದು ನಾ ಹೇಳಿಲ್ರಿ ಗೌಡ್ರ. ನನಗ ಗೊತ್ತೂ ಇಲ್ಲ. ನನ್ನ ಅಂಗಳದ್ದು ನಾ ಹೇಳೇನಿ. ಬ್ಯಾಸಿಗ್ಯಾಗ ಮಧ್ಯಾಹ್ನಕ್ಕ ನಿಲ್ಲತೈತಿ ಅಂದೆ."

ಗೌಡರ ಸಿಟ್ಟು ಮುಖದಲ್ಲೇ ನಿಂತುಕೊಂಡಿತು. ಎತ್ತಿದ ಕೈ ಕೆಳಗಿಳಿಯಿತು. ಅಂಗಳದ ವಿಲ್ಮೋರನ್ನೊಮ್ಮೆ, ಶಿವಯೋಗೆಪ್ಪನನ್ನೊಮ್ಮೆ ನೋಡಿ ಕೇಳಿದರು.

"ನಿಂದೂ ನಿಲ್ಲತೈತಿ?"

ಆ "ನಿಂದೂ" ಕೇಳಿದಾಗ ಶಿವಯೋಗೆಪ್ಪನ ಎದೆಯ ಮೇಲಿನ ಬಂಡೆ ಉರುಳಿ ಬಿತ್ತು. ಐಬು ಅವನ ಹಣೆಯಲ್ಲಿರಲಿಲ್ಲ. ಗೌಡರು ಕಟ್ಟೆಯ ಮೇಲೆ ಕೂತು, ಎಂಟು ವರ್ಷದ ದುಃಖ ತೋಡಿಕೊಂಡರು. ಬೀಗರ ಊರಿನ ದಾರಿಯಲ್ಲಿ ನಿಂತದ್ದು, ಊರ ಮಿಸ್ತ್ರಿಗೆ ತಿಳಿಯಬಾರದೆಂದು ಕದ್ದು ಸೋಲಾಪುರಕ್ಕೆ ಒಯ್ದದ್ದು, ಅಲ್ಲಿಯವರು "ಏನೂ ಆಗಿಲ್ಲ" ಎಂದು ಕಳಿಸಿದ್ದು, ಕಡೆಗೆ ಕೋಳಿಗಳಿಗೆ ಬಿಟ್ಟುಕೊಟ್ಟದ್ದು. ಹೇಳುತ್ತ ಹೇಳುತ್ತ ನಗತೊಡಗಿದರು. ಶಿವಯೋಗೆಪ್ಪನೂ ನಕ್ಕ. ಒಳಗೆ ಲಕ್ಕವ್ವನ ಬಳೆಗಳ ಸಪ್ಪಳ ಕೇಳಿತು, ಅವಳೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳೆಂದು ಕಾಣುತ್ತದೆ.

ಇಬ್ಬರೂ ಕೂಡಿ ಬಿಜಾಪುರಕ್ಕೆ ಹೋಗಿ ಬಸಗೊಂಡಪ್ಪನನ್ನು ಹಿಡಿದರು. ಅವನು ಅರಳೆಯ ಮೂಟೆಗೊರಗಿ ಕೂತು, "ಖರೆ, ನಂದೂ ನಿಲ್ಲತಿತ್ತು. ಅದಕ್ಕ ನಸುಕಿನ್ಯಾಗ ಹೊಂಟು ಹೊತ್ತೇರೂದ್ರಾಗ ಮನಿ ಸೇರತಿದ್ದೆ. ಗೌಡ್ರದು ನಿಲ್ಲೂದಿಲ್ಲಂತ ಕೇಳಿ, ನನ್ನ ದೈವಾನ ಇಷ್ಟು ಅಂದ್ಕೊಂಡಿದ್ದೆ" ಎಂದ. ಒಬ್ಬರ ಹೊಗಳಿಕೆ ಕೇಳಿ ಇನ್ನೊಬ್ಬರು ಹೊಗಳುತ್ತ, ಮೂವರೂ ಒಂದೇ ಹುಣ್ಣನ್ನು ಮೂರು ಪಂಚೆಯಲ್ಲಿ ಮುಚ್ಚಿಕೊಂಡು ತಿರುಗಿದ್ದರು. ಶಿವಯೋಗೆಪ್ಪ ಅವನ ಮೇಲೆ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಹೋದ ಚೈತ್ರದಿಂದ ತಾನೇ ಮಾಡಿದ್ದೇನು?

ಹುಸೇನಸಾಬ ಮಿಸ್ತ್ರಿ ಮೂವರ ಮಾತನ್ನೂ ಬೀಡಿ ಸೇದುತ್ತ ಕೇಳಿದ.

"ಒಬ್ಬ ಹೇಳಿದ್ರ ಗಾಡಿ ಐಬು. ಮೂರು ಮಂದಿ ಒಂದ ಹೊತ್ತು ಹೇಳಾಕತ್ತೀರಂದ್ರ ಅದು ಬಿಸಲಿನ ಕೆಲಸ. ನೀವು ಎಳಕೊಂಡು ಬರೂದ್ರಾಗ ಅದು ತಣ್ಣಗಾಗಿರತಿತ್ತು, ನನಗ ಏನ ಕಾಣಬೇಕು? ಚೈತ್ರ ಬರಲಿ. ಈ ಸಲ ಗಾಡಿ ನನ್ನ ಹಂತ್ಯಾಕ ತರಬ್ಯಾಡ್ರಿ, ನನ್ನನ್ನ ಗಾಡಿಯೊಳಗ ಕೂಡಿಸಿಕೊಂಡು ಒಯ್ರಿ."

ಚೈತ್ರದ ಮಧ್ಯಾಹ್ನ ಶಿವಯೋಗೆಪ್ಪನ ಗಾಡಿಯಲ್ಲಿ ಅವನನ್ನು ಕೂಡಿಸಿಕೊಂಡು ಬಬಲೇಶ್ವರದ ದಾರಿ ಹಿಡಿದರು. ಸಾರವಾಡ ಇನ್ನೂ ಮುಂದಿರುವಾಗಲೇ ವಿಲ್ಮೋರ್ ಬಿಕ್ಕಿ ನಿಂತಿತು. ಗಾಡಿ ನಿಂತದ್ದಕ್ಕೆ ಶಿವಯೋಗೆಪ್ಪ ಸಂತೋಷಪಟ್ಟದ್ದು ಅದೇ ಮೊದಲು. ಹುಸೇನಸಾಬ ಬಾನೆಟ್ ಎತ್ತಿ, ಟಾಕಿಯಿಂದ ಪೆಟ್ರೋಲ್ ಎತ್ತಿಕೊಡುವ ಪುಟ್ಟ ಪಂಪಿನ ಮೇಲೆ ಬೆರಳಿಟ್ಟು ಸರಕ್ಕನೆ ತೆಗೆದ. ತಂಪು ದೇಶದಲ್ಲಿ ಹುಟ್ಟಿದ ಗಾಡಿ. ನಮ್ಮ ಬಿಸಿಲಿಗೆ ಪಂಪಿನೊಳಗಿನ ಪೆಟ್ರೋಲ್ ಎಂಜಿನ್ ಸೇರುವ ಮೊದಲೇ ಆವಿಯಾಗುತ್ತಿತ್ತು. ಅವನು ತನ್ನ ಹೆಗಲ ವಸ್ತ್ರವನ್ನು ಹರಿದು, ಕುಡಿಯುವ ನೀರಿನಲ್ಲಿ ಅದ್ದಿ, ಪಂಪಿಗೆ ಸುತ್ತಿ, ಒಂದು ಬೀಡಿ ಮುಗಿಯುವವರೆಗೆ ಕೂತ. ಆಮೇಲೆ ಹ್ಯಾಂಡಲ್ ಹೊಡೆದ. ಗಾಡಿ ಹೊರಟಿತು, ಹರದಾರಿಗೊಮ್ಮೆ ಬಟ್ಟೆಗೆ ನೀರು ಹನಿಸುತ್ತ ಆ ಉರಿಬಿಸಿಲಲ್ಲಿ ಬಬಲೇಶ್ವರ ಮುಟ್ಟಿತು.

"ನಿನ್ನ ಉಪಕಾರ ಹೆಂಗ ತೀರಸ್ಲಿ ಹುಸೇನಣ್ಣ?" ಎಂದ ಶಿವಯೋಗೆಪ್ಪ.

"ನನ್ನದೇನೈತಿ, ಒಂದು ಹರಕು ವಸ್ತ್ರ. ಬಾಯಿ ಬಿಟ್ಟು ಹೇಳಿದವ ನೀನು."

ಅಂದೇ ಸಂಜೆ ಗೌಡರು ತಾವಾಗಿ ಗುರುಪಾದಯ್ಯನವರ ಮನೆಗೆ ನಡೆದುಹೋಗಿ, ತಮ್ಮ ಗಾಡಿಯ ಐಬನ್ನೂ ಅದರ ಮದ್ದನ್ನೂ ಹೇಳಿ, ಅರ್ಧ ಹೊಲ ಅಯ್ಯನವರಿಗೇ ಉಳಿಯುವಂತೆ ಬೆಲೆ ಇಳಿಸಿದರು. "ಐಬು ಹೇಳಿ ಮಾರೂ ಗಾಡಿ ಈ ಸೀಮಿಯೊಳಗ ಇದೊಂದ. ಇದನ್ನ ತಗೋತೀನಿ" ಎಂದರಂತೆ ಅಯ್ಯನವರು.

ಶಿವಯೋಗೆಪ್ಪನ ಗಾಡಿಗೆ ಮಂದಿ ಹತ್ತುವುದನ್ನು ಬಿಡಲಿಲ್ಲ. ನಡುಮಧ್ಯಾಹ್ನದಲ್ಲೂ ಹತ್ತಿದರು, ತಂಬಿಗೆಯಲ್ಲಿ ನೀರು ತಾವೇ ತಂದರು. ಆ ವಿಲ್ಮೋರ್ ಅರವತ್ತೇಳರವರೆಗೆ ಓಡಿತು. ಮಳೆಯಲ್ಲಿ ಸೋರುತ್ತಿತ್ತು, ಹಿಂದಿನ ಬಾಗಿಲನ್ನು ಹಗ್ಗದಿಂದ ಕಟ್ಟಬೇಕಾಗುತ್ತಿತ್ತು, ಚಳಿಗಾಲದಲ್ಲಿ ಮಾತ್ರ ಅದರ ಸರಿಸಾಟಿ ಇರಲಿಲ್ಲ. ಯಾರು ಕೇಳಿದರೂ ಅವನು ಈ ನಾಲ್ಕನ್ನೂ ಹೇಳುತ್ತಿದ್ದ, ಮೊದಲು ಮಧ್ಯಾಹ್ನದ್ದನ್ನು. ಅದು ತನಗೆ ಅನ್ನ ಕೊಟ್ಟಿತೆಂದು ದಿನವೂ ಅದಕ್ಕೆ ಕೈಮುಗಿದೇ ಹತ್ತುತ್ತಿದ್ದ.

ಆದರೆ ಅವನಿಗೆ ಮರೆಯಲಾಗದ ದಿನವೆಂದರೆ ಅರವತ್ತೊಂದರ ವೈಶಾಖದ್ದು. ಹೊತ್ತು ನೆತ್ತಿಗೇರಿದ್ದಾಗ ಗೌಡರ ಹಳೆಯ ಗಾಡಿ ಬಬಲೇಶ್ವರದಿಂದ ಬಂದು ಅವನ ಅಂಗಳದಲ್ಲಿ ನಿಂತಿತು. ಗುರುಪಾದಯ್ಯನವರು ಇಳಿದರು, ಹಿಂದೆ ಕಾಶಿಬಾಯಿ, ಅವಳ ಎರಡು ಮಕ್ಕಳು. ಶಿವಯೋಗೆಪ್ಪ ಓಡಿ ಹೋಗುವಷ್ಟರಲ್ಲಿ ಅಯ್ಯನವರು ಅವನ ಮುಂದೆ ಎರಡೂ ಕೈ ಜೋಡಿಸಿ ನಿಂತುಬಿಟ್ಟರು. ಊರೆಲ್ಲ ಕಾಲಿಗೆ ಬೀಳುವ ಜಂಗಮರು ಒಬ್ಬ ಎತ್ತಿನ ದಲಾಲಿಗೆ ಕೈ ಮುಗಿಯುವುದನ್ನು ತಿಕೋಟಾ ಕಂಡಿರಲಿಲ್ಲ.

"ಹಿಂಗ ಮಾಡಬಾರದ್ರಿ ಅಯ್ಯಾರ. ಇದು ನಮಗ ಸಲ್ಲೂದಿಲ್ಲ."

"ಸಲ್ಲತೈತಿ, ಸುಮ್ಮನಿರು," ಎಂದರು ಅಯ್ಯನವರು. "ಈಗ ದಾರ್ಯಾಗ ಗಾಡಿ ನಿಂತಿತು ಶಿವಯೋಗೆಪ್ಪಾ. ಸುತ್ತ ಒಂದ ಗಿಡ ಇಲ್ಲ. ಮೊಮ್ಮಗಳು ಕೆಳಗಿಳದು, 'ಅಜ್ಜಾ, ಬಟ್ಟಿ ಒಣಗೇತಿ, ನೀರ ಹಾಕು' ಅಂದ್ಲು. ಹಾಕಿದಿವಿ, ಬಂದಿವಿ. ಯಾರೂ ಅಂಜಲಿಲ್ಲ."

ಶಿವಯೋಗೆಪ್ಪನಿಗೆ ಕಣ್ಣು ಮಂಜಾಗಿ ಏನೂ ಕಾಣದಾಯಿತು. ಅವರ ಕಾಲಿಗೆ ಬೀಳಲು ಬಾಗಿದ. ಅಯ್ಯನವರು ಅವನ ಎರಡೂ ತೋಳು ಹಿಡಿದುಕೊಂಡರು, ಬಾಗಗೊಡಲಿಲ್ಲ.